ನಾಲ್ಕು ಗಂಟೆಯ ಗಿರಾಕಿ

ಎಲ್ಲ ರಗಳೆಗೂ ಮೂಲ ಆ ಮಧ್ಯಮ ಗಾತ್ರ. ದೊಡ್ಡ ಪಿಕಪ್ ಕೊಂಡಿದ್ದರೆ ಅದು ಓಣಿಯೊಳಗೆ ನುಗ್ಗುತ್ತಲೇ ಇರಲಿಲ್ಲ. ಚಿಕ್ಕದು ಕೊಂಡಿದ್ದರೆ ಯಾರ ಬೀರುವೂ ಅದರಲ್ಲಿ ಹಿಡಿಸುತ್ತಿರಲಿಲ್ಲ. ಹಲ್ಲಿನ ಸೆಟ್ ಮಾಡುವವನು ಮೂರು ತಿಂಗಳು ಶೋರೂಮುಗಳನ್ನು ಸುತ್ತಿ, ಕ್ಲಿನಿಕ್ಕಿನಲ್ಲಿ ಕಂಡಕಂಡವರ ಸಲಹೆ ಕೇಳಿ, ಹೆಂಡತಿ ಮಕ್ಕಳಿಗೆ ಹಿಂದೊಂದು ಸಾಲು ಸೀಟೂ ಇರಲಿ, ಟೆಂಟು ಒಲೆ ಹಾಕಿಕೊಳ್ಳಲು ಐದಡಿ ಜಾಗವೂ ಇರಲಿ ಎಂದು ನಡುವಿನದನ್ನೇ ಆರಿಸಿದ್ದ. ರಜೆ ಸಿಕ್ಕಾಗಲೆಲ್ಲ ಯಾವುದಾದರೂ ಕೆರೆ ದಡಕ್ಕೆ ಹೋಗುವುದು ಅವನ ಕನಸು.

ಏಳು ತಿಂಗಳಾದರೂ ಟೆಂಟು ಅಟ್ಟದಿಂದ ಇಳಿದಿರಲಿಲ್ಲ. ಮನೆ ಬದಲಿಸುವವರು, ಮಂಚ ಕೊಂಡವರು, ಹಳೆಯ ಫ್ರಿಜ್ ಮಾರುವವರು, ಎಲ್ಲರೂ ಭಾನುವಾರ ಬೆಳಿಗ್ಗೆಯೇ ಅವನ ಬಾಗಿಲು ಬಡಿಯುತ್ತಿದ್ದರು. ಇಲ್ಲ ಎನ್ನುವ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಊರವರ ಬಾಯಿಗೆಲ್ಲ ಹಲ್ಲು ಕಟ್ಟುವವನ ಬಾಯಲ್ಲೇ ಹಲ್ಲಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಬೆನ್ನು ಹಾಳಾಗಿತ್ತು. ಅಪ್ಪ ಎಲ್ಲಿ ಎಂದು ಕೇಳುವುದನ್ನು ಮಕ್ಕಳು ಬಿಟ್ಟೇಬಿಟ್ಟಿದ್ದರು. ಅದು ಅವನಿಗೆ ಬೆನ್ನಿಗಿಂತ ಹೆಚ್ಚು ನೋಯುತ್ತಿತ್ತು.

ಕಡೆಗೆ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಒಬ್ಬ ದಲ್ಲಾಳಿಯನ್ನು ಹಿಡಿದ. ಮಾರುವವನಿಗೆ ಕೊಳ್ಳುವವನ ಗುರುತು ಕೊಡಬಾರದು, ಕೊಳ್ಳುವವನಿಗೆ ಮಾರುವವನದು ಕೊಡಬಾರದು, ಕೊಟ್ಟರೆ ಇಬ್ಬರೂ ಸೇರಿ ತನ್ನನ್ನು ನೊಣದಂತೆ ಕೊಡವಿಬಿಡುತ್ತಾರೆ ಎನ್ನುವುದು ದಲ್ಲಾಳಿಯ ವೃತ್ತಿಧರ್ಮ. ಹಾಗಾಗಿ ಅವನು ಹೇಳಿದ್ದು ಇಷ್ಟೇ: ಪಾರ್ಟಿ ಗಟ್ಟಿ, ಬುಧವಾರ ನಾಲ್ಕು ಗಂಟೆಗೆ ಅಂಗಡಿಗೆ ಬರುತ್ತಾರೆ, ಗಾಡಿ ತನ್ನಿ, ಅಲ್ಲೇ ಸಹಿ.

“ಅವತ್ತು ಮಾರದೇ ಬಂದ್ರೆ ಮನೆ ಮುಂದೆ ನಿಲ್ಲಿಸ್ಬೇಡಿ. ಹಾಗೇ ಮುಂದಕ್ಕೆ ಹೋಗ್ತಾ ಇರಿ,” ಎಂದಿದ್ದಳು ಹೆಂಡತಿ. ಬುಧವಾರ ಅವನು ಕ್ಲಿನಿಕ್ಕಿಗೆ ರಜೆ ಹಾಕಿದ.

ಬುಧವಾರ ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ತೀರಿಕೊಂಡರು. ಶೂ ಲೇಸು ಕಟ್ಟಲು ಬಗ್ಗಿದವರು ಮೇಲೇಳಲಿಲ್ಲ. ಆರಡಿ ಎರಡಂಗುಲದ ಆಳು, ನಿವೃತ್ತರಾಗಿ ಹತ್ತು ವರ್ಷವಾದರೂ ಬೆನ್ನು ಬಾಗದವರು. ಓಣಿಯಲ್ಲಿ ಅವನ ಗಾಡಿಯನ್ನು ಒಂದು ದಿನವೂ ಕೇಳದಿದ್ದವರು ಅವರೊಬ್ಬರೇ. ಸುದ್ದಿ ಕೇಳಿ ಅವನಿಗೆ ನಿಜವಾಗಿಯೂ ದುಃಖವಾಯಿತು. ಆ ದುಃಖದ ಹಿಂದೆಯೇ ನಾಲ್ಕು ಗಂಟೆ ನೆನಪಾಯಿತು. ತನ್ನ ಬಗ್ಗೆ ತನಗೇ ಹೇಸಿಗೆ ಎನಿಸಿತು.

ಶವ ಸಾಗಿಸುವ ವ್ಯಾನು ಓಣಿಯೊಳಗೆ ತಿರುಗುವುದಿಲ್ಲ ಎಂದು ತಿಳಿದಾಗ ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು. ಮುಖ್ಯರಸ್ತೆವರೆಗೆ ಹೊತ್ತರೆ ಸಾಕಲ್ಲ ಎಂದು ಅವನು ಗೊಣಗಿದ್ದು ಮೂಲೆಮನೆ ಅಜ್ಜಿಯ ಕಿವಿಗೆ ಬಿತ್ತು. “ಮನೆ ಮುಂದೆ ಗಾಡಿ ಇಟ್ಕೊಂಡು ಮೇಷ್ಟ್ರನ್ನ ಬಾಡಿಗೆ ವ್ಯಾನಲ್ಲಿ ಕಳಿಸ್ತೀಯೇನಪ್ಪ?” ಎಂದಳು ಅಜ್ಜಿ. ಅಷ್ಟಕ್ಕೇ ಅವನ ಕತೆ ಮುಗಿಯಿತು. ಎರಡು ಗಂಟೆಗೆ ಹೊರಟರೆ ಮೂರಕ್ಕೆ ಮುಗಿಯುತ್ತದೆ, ಗಾಡಿ ತೊಳೆದು ನಾಲ್ಕಕ್ಕೆ ಅಂಗಡಿ ಮುಟ್ಟಬಹುದು ಎಂದು ಲೆಕ್ಕ ಹಾಕಿದ.

ಲೆಕ್ಕ ಕೆಡಿಸಿದವನು ಬಡಗಿ. ಅವನು ಮೇಷ್ಟ್ರ ಮೇಲಿನ ಅಭಿಮಾನಕ್ಕೆ ಬಿಟ್ಟಿಯಾಗಿ ಶವದ ಪೆಟ್ಟಿಗೆ ಮಾಡಿದ್ದ, ಆದರೆ ಏಳಡಿ ಉದ್ದ ಮಾಡಿದ್ದ. ಗಾಡಿಯ ಹಿಂಭಾಗ ಐದಡಿ. ಅಳತೆ ತೆಗೆದುಕೊಳ್ಳಬಾರದಿತ್ತೇ ಎಂದು ಇವನು ತಲೆ ಚಚ್ಚಿಕೊಂಡರೆ ಬಡಗಿ ಕಣ್ಣೊರೆಸಿಕೊಂಡ.

“ಬದುಕಿರೋವಾಗ ಎಲ್ಲ ಬಾಗಿಲಲ್ಲೂ ತಲೆ ತಗ್ಗಿಸಿದ್ರು ಪಾಪ. ಇದ್ರಲ್ಲಾದ್ರೂ ಕಾಲು ಚಾಚಿ ಮಲಗ್ಲಿ ಅಂತ.”

ಅದಕ್ಕೆ ಯಾರೂ ಎದುರಾಡುವಂತಿರಲಿಲ್ಲ. ಹಿಂಬಾಗಿಲು ಇಳಿಸಿ, ಹಗ್ಗ ಬಿಗಿದು, ಎರಡಡಿ ಹೊರಗೆ ಚಾಚಿದ ಪೆಟ್ಟಿಗೆಯೊಂದಿಗೆ ಎರಡೂವರೆಗೆ ಹೊರಟರು. ಮುಂದೆ ಮೇಷ್ಟ್ರ ಮಗಳು, ಹಿಂದಿನ ಸೀಟಿನಲ್ಲಿ ಅಜ್ಜಿ, ಬಡಗಿ ಮತ್ತು ಮಡಿಸಿಟ್ಟ ಹತ್ತು ಕುರ್ಚಿ. ಕುರ್ಚಿ ಯಾಕೆ ಎಂದು ಅವನು ಕೇಳಲಿಲ್ಲ. ಗಾಡಿ ಹೊರಟಿತೆಂದರೆ ಓಣಿಯವರು ಏನಾದರೊಂದನ್ನು ತುಂಬದೆ ಬಿಡುತ್ತಿರಲಿಲ್ಲ.

ದೊಡ್ಡ ವೃತ್ತದಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ. ಲೋಡ್ ಹೊರಗೆ ಚಾಚಿದೆ, ತುದಿಗೆ ಕೆಂಪು ಬಟ್ಟೆ ಕಟ್ಟಿಲ್ಲ, ಏನು ಲೋಡು ಎಂದು ಗದರಿದ. ಗಾಬರಿಯಲ್ಲಿ ಇವನ ಬಾಯಿಂದ ಬಂದದ್ದು ಒಂದೇ ಮಾತು.

“ಡ್ರಿಲ್ ಮೇಷ್ಟ್ರು.”

ಪೊಲೀಸನ ಮುಖ ಇಳಿದುಹೋಯಿತು. ಅವನು ಮೇಷ್ಟ್ರ ಶಿಷ್ಯ. ಟೋಪಿ ತೆಗೆದು ನಿಂತ. ಆಮೇಲೆ ಬಿಟ್ಟು ಕಳಿಸಿದ್ದರೆ ಆಗುತ್ತಿತ್ತು. ಅವನು ಗಾಡಿಯ ಮುಂದೆ ನಿಂತು, ಎಡಗಾಲು ಬಲಗಾಲು ಎಂದು ನಡೆಯತೊಡಗಿದ. ಮೂವತ್ತೈದು ವರ್ಷ ಮೇಷ್ಟ್ರು ಅರ್ಧ ಊರಿಗೆ ನಡೆಯಲು ಕಲಿಸಿದ್ದರು. ಬಸ್ಸಿನ ಕಂಡಕ್ಟರು ಇಳಿದು ಸೇರಿಕೊಂಡ, ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಬಂದ, ಅವನ ಗಿರಾಕಿ ಅರ್ಧ ತಲೆಯಲ್ಲಿ ಹಿಂಬಾಲಿಸಿದ. ಎರಡು ಕಿಲೋಮೀಟರು ದೂರ ಗಾಡಿ ಮೊದಲ ಗೇರಿನಲ್ಲಿ ಬಸವನಹುಳುವಿನಂತೆ ತೆವಳಿತು. ಕ್ಲಚ್ ಸುಟ್ಟ ವಾಸನೆ ಬಂತು. ಮೇಷ್ಟ್ರ ಮಗಳು ಮೂಗಿಗೆ ಸೆರಗು ಹಿಡಿದು, ಅಪ್ಪನಿಗೆ ಇಷ್ಟು ಜನ ಎಂದು ಅತ್ತಳು. ಇವನೂ ಅತ್ತ, ಯಾವುದಕ್ಕೆ ಎಂದು ಅವನಿಗೇ ತಿಳಿಯಲಿಲ್ಲ.

ಸ್ಮಶಾನ ಮುಟ್ಟಿದಾಗ ಮೂರೂ ಮುಕ್ಕಾಲು. ಅಲ್ಲಿ ತೋಡಿಟ್ಟ ಗುಂಡಿ ಎಲ್ಲರ ಅಳತೆಯದು. ಏಳಡಿಯ ಪೆಟ್ಟಿಗೆ ಅದರ ಬಾಯಿಗೆ ಅಡ್ಡಲಾಗಿ ಕೂತಿತು. ತೋಡುವವರು ಮುಖ ಮುಖ ನೋಡಿಕೊಳ್ಳುತ್ತಿರುವಾಗ ಇವನು ಅಂಗಿ ತೋಳು ಮಡಿಸಿ ಗುಂಡಿಗೆ ಹಾರಿ, ಗುದ್ದಲಿ ಕಿತ್ತುಕೊಂಡು ಹುಚ್ಚು ಹಿಡಿದವನಂತೆ ಅಗೆಯತೊಡಗಿದ. ಜನ ಬೆರಗಾದರು. ಹೆತ್ತ ಮಗನೂ ಹೀಗೆ ಮಾಡುವುದಿಲ್ಲ ಎಂದಳು ಅಜ್ಜಿ. ಪೊಲೀಸ್ ಅವನ ಬೆನ್ನು ತಟ್ಟಿದ. ಅಗೆಯುತ್ತ ಅಗೆಯುತ್ತ ಅವನು ಕೈಗಡಿಯಾರ ನೋಡುತ್ತಿದ್ದುದು ಯಾರಿಗೂ ಕಾಣಲಿಲ್ಲ. ಮೇಷ್ಟ್ರ ಮೇಲೆ ಮೊದಲ ಹಿಡಿ ಮಣ್ಣು ಬಿದ್ದಾಗ ನಾಲ್ಕೂ ಇಪ್ಪತ್ತು.

ಬೇರೆಯವರು ಬಸ್ಸಿಗೆ ಹೋಗಲಿ ಎಂದು ಬಿಟ್ಟು, ಮಣ್ಣು ಮೆತ್ತಿದ ಬಟ್ಟೆಯಲ್ಲೇ, ಹಿಂದಿನ ಸೀಟಿನಲ್ಲಿ ಕುರ್ಚಿ ಕುಲುಕಿಸಿಕೊಂಡು ಅವನು ದಲ್ಲಾಳಿಯ ಅಂಗಡಿ ಮುಟ್ಟಿದಾಗ ಐದಾಗಿತ್ತು. ಪಾರ್ಟಿ ಹೊರಟುಹೋದರೇ ಎಂದು ಕೇಳುವಾಗ ಏದುಸಿರು ಬರುತ್ತಿತ್ತು. ಬಂದೇ ಇಲ್ಲ, ಫೋನೂ ಎತ್ತುತ್ತಿಲ್ಲ ಎಂದ ದಲ್ಲಾಳಿ. ಇವನಿಗೆ ಜೀವ ಬಂದಂತಾಯಿತು. ತಡ ಮಾಡಿದ್ದು ತಾನೊಬ್ಬನೇ ಅಲ್ಲವಲ್ಲ.

“ಇನ್ನು ಮುಚ್ಚಿಟ್ಟು ಏನು ಮಾಡ್ಲಿ,” ಎಂದ ದಲ್ಲಾಳಿ. “ನಿಮ್ಮ ಓಣಿಯವರೇ. ಎತ್ತರದ ಮನುಷ್ಯ, ಮೇಷ್ಟ್ರಾಗಿದ್ದವರು. ನಾನು ನಿಮ್ಮ ಹೆಸರು ಹೇಳಿರ್ಲಿಲ್ಲ. ಗಾಡಿ ಫೋಟೊ ನೋಡಿದ ತಕ್ಷಣ ಗುರುತು ಹಿಡಿದುಬಿಟ್ರು. ನಿಮಗೆ ವಯಸ್ಸಾಯ್ತಲ್ಲ ಸಾರ್, ಗಾಡಿ ಯಾಕೆ ಅಂದೆ. ‘ಗಾಡಿ ನನಗೆ ಬೇಡ. ಆದ್ರೆ ಅದು ನನ್ನ ಬಾಗಿಲಲ್ಲಿ ನಿಂತ್ರೆ ಕೇಳೋ ಧೈರ್ಯ ಯಾರಿಗೂ ಬರಲ್ಲ. ಆ ಹುಡುಗ ಭಾನುವಾರ ಹೆಂಡ್ತಿ ಮಕ್ಕಳ ಜೊತೆ ಇರ್ಲಿ. ಬೇಕಾದಾಗ ಅವನೇ ಓಡಿಸ್ಕೊಂಡು ಹೋಗ್ಲಿ’ ಅಂದ್ರು. ಮಾತಿಗೆ ತಪ್ಪೋರ ಹಾಗೆ ಕಾಣ್ಲಿಲ್ಲ. ನಿಮಗೇನಾದ್ರೂ ಸಿಕ್ಕಿದ್ರಾ ಇವತ್ತು?”

ಅವನು ಉಗುರಿನ ಸಂದಿಯ ಮಣ್ಣು ನೋಡಿಕೊಂಡ.

“ಸಿಕ್ಕಿದ್ರು. ಈಗಷ್ಟೇ ಬಿಟ್ಟು ಬಂದೆ.”

ಎಲ್ಲಿಗೆ ಎಂದು ಕೇಳಿ ತಿಳಿದುಕೊಂಡ ದಲ್ಲಾಳಿ ಅವನನ್ನು ಕೂರಿಸಿದ. ನೀರು ಕೊಟ್ಟ. ಹೆಣ ಸಾಗಿಸಿದ ಗಾಡಿ ಎಂದು ಗೊತ್ತಾದರೆ ಇನ್ನು ಯಾರೂ ಮುಟ್ಟುವುದಿಲ್ಲ ಎಂದು ಮೆಲ್ಲಗೆ, ಮರುಕದಿಂದಲೇ ಹೇಳಿದ. ಆಮೇಲೆ ಹೊರಗೆ ಬಂದು ಗಾಡಿಯ ಹಿಂಭಾಗ ನೋಡಿದ.

“ಹೇಗೂ ಖಾಲಿ ಹೋಗ್ತಿದೆಯಲ್ಲ. ಒಳಗೊಂದು ಹಳೇ ಸೋಫಾ ಇದೆ, ನಮ್ಮನೆ ನಿಮ್ಮ ದಾರಿಯಲ್ಲೇ.”

ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಆಮೇಲೆ ಹೋಗಿ ಹಿಂಬಾಗಿಲು ಇಳಿಸಿದ.