ಇಸ್ತ್ರಿಪೆಟ್ಟಿಗೆಯ ಸಮುದ್ರಯಾನ

"ಹಡಗು ಹತ್ತೋದನ್ನ ನನಗೆ ಯಾರೂ ಹೇಳ್ಕೊಡಬೇಕಾಗಿಲ್ಲ!" ಎಂದು ಟೈಲರ್ ಮಾಸ್ಟರ್ ಘೋಷಿಸಿದರು. ಐವತ್ತೆಂಟು ವರ್ಷಗಳ ಜೀವಮಾನದಲ್ಲಿ ಅವರು ಒಂದು ದೋಣಿಯನ್ನೂ ಹತ್ತಿದವರಲ್ಲ. ಅದೇನೂ ಅವರಿಗೆ ಕೊರತೆ ಎನಿಸಿರಲಿಲ್ಲ. ಕುದುರೆಯನ್ನು ಹತ್ತಿರದಿಂದ ನೋಡದೆಯೇ ಕುದುರೆ ಸವಾರರಿಗೆ ಪ್ಯಾಂಟು ಹೊಲಿದುಕೊಟ್ಟ ಮಹಾಪುರುಷರು ಅವರು!

ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಮಗಳು ಅಳಿಯ ಸೇರಿ ನಾಲ್ಕು ದಿನದ ಹಡಗು ಪ್ರವಾಸದ ಟಿಕೆಟ್ಟು ಕಳಿಸಿದ್ದರು. ಜೊತೆಗೊಂದು ತೆಳ್ಳನೆಯ ಪುಸ್ತಿಕೆ: 'ಮೊದಲ ಸಲ ಹಡಗು ಹತ್ತುವವರು ಆ ದಿನ ಏನೇನು ಮಾಡಬೇಕು'. ಮಾಸ್ಟರ್ ಅದನ್ನು ಓದದೆ ಗುಂಡಿ ಡಬ್ಬಿಯ ಅಡಿಗಿಟ್ಟರು, ಡಬ್ಬಿ ಅಲ್ಲಾಡುತ್ತಿತ್ತಂತೆ. ಅಂಗಡಿಯ ಕಾಜಾ-ಗುಂಡಿ ವಿಭಾಗದ ಸರ್ವಾಧಿಕಾರಿಯಾದ ಅವರ ಹೆಂಡತಿ ಅದನ್ನು ಅಡಿಯಿಂದ ಎಳೆದು, ಪರೀಕ್ಷೆಗೆ ಕೂರುವ ಹುಡುಗಿಯಂತೆ ಬಾಯಿಪಾಠ ಮಾಡಿದರು.

"ರೀ, ಕೇಳಿ ಇಲ್ಲಿ. ದೊಡ್ಡ ಪೆಟ್ಟಿಗೆಗಳನ್ನ ಬಂದರಲ್ಲೇ ಕೊಟ್ಬಿಡ್ಬೇಕಂತೆ, ರೂಮಿಗೆ ಅವರೇ ತಂದಿಡ್ತಾರಂತೆ. ಮಾತ್ರೆ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರ್ಬೇಕು. ಹತ್ತಿದ ತಕ್ಷಣ, ಅಪಾಯ ಬಂದ್ರೆ ಏನ್ಮಾಡ್ಬೇಕು ಅಂತ ಹೇಳ್ಕೊಡೋ ಸೇಫ್ಟಿ ಡ್ರಿಲ್ ಮುಗಿಸ್ಕೋಬೇಕು. ಮತ್ತೆ... ಇಸ್ತ್ರಿಪೆಟ್ಟಿಗೆ ತರಲೇಬಾರ್ದು!"

ಮಾಸ್ಟರ್ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು.

"ಏನಂದೆ?"

"ಇಸ್ತ್ರಿಪೆಟ್ಟಿಗೆ ತರಬಾರ್ದು. ಬೆಂಕಿ ಹತ್ಕೊಳ್ಳುತ್ತಂತೆ."

"ಹಾಗಾದ್ರೆ ಮೂರು ಸಾವಿರ ಜನ ಮುದುರಿದ ಬಟ್ಟೇಲಿ ಓಡಾಡ್ಬೇಕಾ?"

"ಹಡಗಲ್ಲೇ ಲಾಂಡ್ರಿ ಇದೆ. ಅವರೇ ಇಸ್ತ್ರಿ ಮಾಡ್ಕೊಡ್ತಾರೆ."

"ಯಾರೋ ಒಬ್ಬ! ನನ್ನ ಕೋಟನ್ನ!"

ಇಲ್ಲಿ ಕೋಟಿನ ವಿಷಯ ಹೇಳಲೇಬೇಕು. ಊರಿನ ಅರ್ಧ ಗಂಡಸರಿಗೆ ಕೋಟು ಹೊಲಿದ ಮಾಸ್ಟರ್ ತಮಗಾಗಿ ಒಂದನ್ನು ಹೊಲಿದುಕೊಂಡದ್ದು ಈಗಲೇ, ಮೊದಲ ಬಾರಿ. ಎರಡನೇ ದಿನ ಎಲ್ಲರೂ ಕೋಟು ಹಾಕಿಕೊಂಡು ಊಟಕ್ಕೆ ಬರಬೇಕೆಂದು ಹಡಗಿನವರ ನಿಯಮವಿತ್ತು. ಅಂಥ ಕೋಟಿನ ಮೇಲೆ ಪರರ ಇಸ್ತ್ರಿಪೆಟ್ಟಿಗೆ ಓಡಾಡುವುದನ್ನು ನೆನೆದರೇ ಮಾಸ್ಟರಿಗೆ ಮೈ ಉರಿಯುತ್ತಿತ್ತು.

ಹೆಂಡತಿಗೆ ಕೋಟೂ ಬೇಕಿರಲಿಲ್ಲ, ಆ ಊಟವೂ ಬೇಕಿರಲಿಲ್ಲ. ಅವರ ಆಸೆ ಒಂದೇ. "ಹಡಗು ದಡ ಬಿಡೋವಾಗ ನಾವಿಬ್ರೂ ಮೇಲೆ ಕಂಬಿ ಹಿಡ್ಕೊಂಡು ಪಕ್ಕಪಕ್ಕ ನಿಂತಿರ್ಬೇಕು. ಮೂವತ್ತು ವರ್ಷ ಅಂಗಡೀಲಿ ನಿಮ್ಮ ಮುಖ ಬೀದಿ ಕಡೆ, ನನ್ನ ಮುಖ ಗೋಡೆ ಕಡೆ. ಒಂದೇ ಒಂದ್ಸಲ ಇಬ್ರೂ ಒಂದೇ ಕಡೆ ನೋಡೋಣ. ಐದು ಗಂಟೆಗೆ ಹಡಗು ಬಿಡೋದು. ತಪ್ಪಿಸ್ಬೇಡಿ."

"ಮಾತು ಕೊಟ್ಟೆ! ಸೂರ್ಯ ತಪ್ಪಬಹುದು, ಈ ಮಾಸ್ಟರ್ ಟೈಮ್ ತಪ್ಪಲ್ಲ!"

"ಗಿರಾಕಿಗಳಿಗೆ ಗುರುವಾರ ಬನ್ನಿ ಅಂತ ಹೇಳೋ ಹಾಗಾ?" ಎಂದರು ಹೆಂಡತಿ. ಮಾಸ್ಟರ್ ಕೇಳಿಸದವರಂತೆ ಟೇಪನ್ನು ಕೊರಳಿಗೆ ಹಾಕಿಕೊಂಡರು. ಆದರೆ ಹೆಂಡತಿಯ ದನಿಯಲ್ಲಿ ಏನೋ ಇತ್ತು. ಆ ಐದು ಗಂಟೆಯನ್ನು ತಪ್ಪಿಸಿದರೆ ಉಳಿದ ಬದುಕೆಲ್ಲ ಅದನ್ನೇ ಕೇಳಿಸಿಕೊಳ್ಳಬೇಕಾದೀತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಾಯಿತು.

ಇಷ್ಟು ಗೊತ್ತಾದ ಮನುಷ್ಯ ಇಸ್ತ್ರಿಪೆಟ್ಟಿಗೆಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕಿತ್ತು ತಾನೇ? ಅದೆಲ್ಲ ನಮ್ಮ ನಿಮ್ಮಂಥವರ ಬುದ್ಧಿ. ಮಾಸ್ಟರ್ ಕಲಾವಿದರು! ಹೆಂಡತಿ ತರಕಾರಿಗೆ ಹೋದ ಹೊತ್ತು ನೋಡಿ, ಸೂಟ್‌ಕೇಸಿನ ಲೈನಿಂಗ್ ಬಿಚ್ಚಿ, ಹಿಂದೊಂದು ಗುಪ್ತ ಜೇಬು ಮಾಡಿ, ಇಸ್ತ್ರಿಪೆಟ್ಟಿಗೆಯನ್ನು ಅದರಲ್ಲಿ ಮಲಗಿಸಿದರು. ಮೇಣ ಸವರಿದ ದಪ್ಪ ದಾರದಲ್ಲಿ ಎರಡೆರಡು ಸಾಲು ಹೊಲಿಗೆ ಹಾಕಿ, ಬೆರಳಗಲಕ್ಕೊಂದು ಗಂಟು ಬಿಗಿದರು. ಕೆಲಸ ಮುಗಿಸಿ, ನೋಡಲು ಯಾರೂ ಇಲ್ಲವಲ್ಲ ಎಂದು ಮರುಗಿದರು. ಎಕ್ಸ್‌ರೇ ಯಂತ್ರದ ಯೋಚನೆ ಬಾರದೆ ಇರಲಿಲ್ಲ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಇಸ್ತ್ರಿಪೆಟ್ಟಿಗೆಗೆಲ್ಲಿಯ ಮೂಳೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹೊರಡುವ ದಿನ ಮೊದಲ ಆಘಾತ ಬಂದರಿನ ಬಾಗಿಲಲ್ಲೇ ಕಾದಿತ್ತು. ಮಾಸ್ಟರ್ ಕೈ ಎತ್ತಿ ನಿಂತೊಡನೆ ಯಂತ್ರ ಕಿರುಚಿತು. ಪ್ಯಾಂಟಿನ ಜೇಬಿನಿಂದ ಮೊಳಕ್ಕೆ ತುಸು ಕಡಿಮೆಯ ಕತ್ತರಿ ಹೊರಬಂತು!

"ಇದ್ಯಾಕ್ರೀ ಜೇಬಲ್ಲಿ?" ಹೆಂಡತಿ ಹೌಹಾರಿದರು.

"ಯಾವಾಗ್ಲೂ ಅಲ್ಲೇ ಇರುತ್ತಲ್ಲ..."

ಕಾವಲಿನವನು ಕತ್ತರಿಯನ್ನು ಎರಡೇ ಬೆರಳಲ್ಲಿ ಹಿಡಿದು ಡಬ್ಬಿಗೆ ಹಾಕಿಕೊಂಡ. ಪೆಟ್ಟಿಗೆಗಳು ಆಗಲೇ ಬೇರೆ ದಾರಿಯಲ್ಲಿ ಉರುಳಿ ಹೋಗಿದ್ದವು. ಅವು ಹೋದ ದಿಕ್ಕನ್ನೇ ಮಾಸ್ಟರ್ ಒಂದು ಕ್ಷಣ ದಿಟ್ಟಿಸಿದರು.

ಹಡಗು ಹತ್ತಿದ್ದೇ ಹೆಂಡತಿ ಪುಸ್ತಿಕೆಯಲ್ಲಿದ್ದಂತೆ ನಡೆದರು. ಮೊದಲು ಡ್ರಿಲ್ ಮುಗಿಸಿದರು, ಆಮೇಲೆ ಊಟ ಮುಗಿಸಿದರು. ಮಾಸ್ಟರ್ ಮಾತ್ರ, "ನೀನು ಹೋಗಿರು, ನನ್ನ ಪೆಟ್ಟಿಗೆ ಬಂದ್ಬಿಡ್ಲಿ" ಎಂದು ರೂಮಿನ ಬಾಗಿಲಲ್ಲೇ ನಿಂತರು. ಎರಡು ಗಂಟೆಗೆ ಹೆಂಡತಿಯ ಪೆಟ್ಟಿಗೆ ಬಂತು. ಎದುರು ರೂಮಿನವರದು ಬಂತು. ಆಚೆ ರೂಮಿನವರ ಮಗುವಿನ ತಳ್ಳುಗಾಡಿಯೂ ಬಂತು. ಮಾಸ್ಟರದು ಬರಲೇ ಇಲ್ಲ.

"ಡ್ರಿಲ್ ಮುಗಿಸ್ಕೊಂಡು ಬನ್ರೀ, ಪೆಟ್ಟಿಗೆ ಎಲ್ಲಿಗ್ ಹೋಗುತ್ತೆ? ಸುತ್ತ ಸಮುದ್ರ!"

"ಐದು ನಿಮಿಷ ಕಣೇ."

"ನಾಲ್ಕೂ ಕಾಲು ಆಯ್ತು. ನಾನು ಏಳನೇ ಮಹಡೀಲಿ ಜಾಗ ಹಿಡಿದಿರ್ತೀನಿ. ಬನ್ನಿ." ಹೆಂಡತಿ ಹೊರಟೇ ಹೋದರು. ಅವರು ಲಿಫ್ಟು ಹತ್ತಿದ್ದಕ್ಕೂ ರೂಮಿನ ಫೋನು ಹೊಡೆದುಕೊಂಡದ್ದಕ್ಕೂ ಸರಿಹೋಯಿತು.

"ನಾಲ್ಕು ಸಾವಿರದ ನೂರಾ ಇಪ್ಪತ್ತೇಳನೇ ರೂಮಿನ ಯಜಮಾನ್ರಾ? ಭದ್ರತಾ ಕೊಠಡಿಗೆ ಬನ್ನಿ. ತಕ್ಷಣ."

ಮಾಸ್ಟರ್ ಫೋನನ್ನು ತಲೆಕೆಳಗಾಗಿ ಇಟ್ಟು ಹೊರಟರು.

ಹಡಗಿನ ಹೊಟ್ಟೆಯೊಳಗಿನ ಆ ಕೊಠಡಿಯಲ್ಲಿ ಉದ್ದನೆಯ ಮೇಜಿತ್ತು. ಅದರ ಮೇಲೆ ಪ್ರಯಾಣಿಕರಿಂದ ಹಿಡಿದಿಟ್ಟ ಸರಂಜಾಮು: ನೀರು ಕಾಯಿಸುವ ಕೆಟಲ್ಲು, ಮೇಣದಬತ್ತಿ, ಉದ್ದದ ವೈರು, ಸಾಲಾಗಿ ಹದಿಮೂರು ಇಸ್ತ್ರಿಪೆಟ್ಟಿಗೆ! ಅವುಗಳ ಒಡೆಯರು ಒಬ್ಬೊಬ್ಬರಾಗಿ ಬಂದು, ತಲೆ ಕೆರೆದುಕೊಂಡು, ರುಜು ಹಾಕಿ ಅರ್ಧ ನಿಮಿಷದಲ್ಲಿ ಹೋಗುತ್ತಿದ್ದರು. ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ಇಷ್ಟೇ ತಾನೇ!

ಭದ್ರತಾ ಅಧಿಕಾರಿ ನಡುವಯಸ್ಸಿನ ಹೆಂಗಸು. ಅವರು ನಗಲಿಲ್ಲ. ಕಂಪ್ಯೂಟರಿನ ಪರದೆಯನ್ನು ಮಾಸ್ಟರ್ ಕಡೆ ತಿರುಗಿಸಿದರು. ಸೂಟ್‌ಕೇಸಿನ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆ ಮೂತಿ, ಹಿಡಿ, ವೈರು ಸಮೇತ ಫೋಟೋ ತೆಗೆಸಿಕೊಂಡು ಕೂತಿತ್ತು.

"ಇದೇನು?"

"ಅದು... ಪೆಟ್ಟಿಗೆ ಗಟ್ಟಿಯಾಗಿರ್ಲಿ ಅಂತ..."

"ಇಸ್ತ್ರಿಪೆಟ್ಟಿಗೆ ತಂದೋರು ಇವತ್ತು ಹದಿನಾಲ್ಕು ಜನ. ಹೊಲಿದುಕೊಂಡು ತಂದೋರು ನೀವೊಬ್ರೇ!"

"ನಾನು ಟೈಲರು, ಮೇಡಂ."

"ಟೈಲರೋ ಇನ್ನೇನೋ, ನನಗೆ ಹೇಗೆ ಗೊತ್ತಾಗ್ಬೇಕು? ಒಳಗೆ ಇಸ್ತ್ರಿಪೆಟ್ಟಿಗೇನೇ ಇದೆಯಾ, ಅದರೊಳಗೆ ಇನ್ನೇನಾದ್ರೂ ಇದೆಯಾ? ತೆಗೀರಿ ನನ್ನ ಕಣ್ಮುಂದೆ. ತೆಗೆಯೋವರೆಗೆ ನೀವೂ ಇಲ್ಲೇ, ಇದೂ ಇಲ್ಲೇ. ಹಡಗು ಬಿಡೋದ್ರೊಳಗೆ ಆಗದಿದ್ರೆ ಇಬ್ಬರನ್ನೂ ದಡಕ್ಕಿಳಿಸ್ತೀನಿ."

ಇಳಿಸ್ತೀನಿ! ಮಾಸ್ಟರ್ ಕಣ್ಣಿಗೆ ಏಳನೇ ಮಹಡಿಯ ಕಂಬಿ, ಅದನ್ನು ಹಿಡಿದು ನಿಂತ ಹೆಂಡತಿ, ದಡದಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಅಪ್ಪಿ ನಿಂತು ಕೈಬೀಸುತ್ತಿರುವ ತಾವು, ಎಲ್ಲವೂ ಒಟ್ಟಿಗೆ ಕಂಡವು.

"ಒಂದು ಕತ್ತರಿ ಕೊಡಿ, ಮೇಡಂ. ಎರಡೇ ನಿಮಿಷ."

"ಹೊಲಿದು ಬಚ್ಚಿಟ್ಟು ತರೋ ಮನುಷ್ಯನ ಕೈಗೆ ಕತ್ತರಿ ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ?"

"ಹಾಗಾದ್ರೆ ನೀವೇ ಕತ್ತರಿಸಿ."

"ಒಳಗೇನಿದೆ ಅಂತ ಗೊತ್ತಿಲ್ಲದೆ ನಾವು ಮುಟ್ಟೋ ಹಾಗಿಲ್ಲ. ನೀವೇ ಬಿಚ್ಚಬೇಕು. ಕೈಯಲ್ಲಿ."

ಮಾಸ್ಟರ್ ಉಗುರು ಹಾಕಿದರು. ದಾರ ಅಲುಗಲಿಲ್ಲ. ಹಲ್ಲು ಹಾಕಿದರು. ಹಲ್ಲು ಅಲುಗಿತು! ಆ ಹೊಲಿಗೆ ಎಂಥದ್ದು ಅಂತೀರಿ? ಮಾಸ್ಟರ್ ತಮ್ಮ ವಿದ್ಯೆಯೆಲ್ಲವನ್ನೂ ಧಾರೆಯೆರೆದ ಹೊಲಿಗೆ. ಊರಲ್ಲಿ ಗಿರಾಕಿಗಳಿಗೆ ಹಾಕಿಕೊಟ್ಟ ಹೊಲಿಗೆ ಆರು ತಿಂಗಳಿಗೇ ಬಾಯಿ ಬಿಡುತ್ತಿತ್ತು. ಇದು ಮಾತ್ರ ಯುಗಾಂತರದವರೆಗೂ ನಿಲ್ಲುವಂಥದ್ದಾಗಿತ್ತು. ಬೆರಳಗಲಕ್ಕೊಂದು ಗಂಟು ಹಾಕಿದ ಕೈಯನ್ನು ಮಾಸ್ಟರ್ ಮನಸಾರೆ ಬೈದರು. ಅದು ಅವರದೇ ಕೈ.

ಅಷ್ಟರಲ್ಲಿ ಧ್ವನಿವರ್ಧಕ ಗೊರಗುಟ್ಟಿತು. "ಪ್ರಯಾಣಿಕರ ಗಮನಕ್ಕೆ. ಸೇಫ್ಟಿ ಡ್ರಿಲ್‌ಗೆ ಇನ್ನೂ ಹನ್ನೊಂದು ಮಂದಿ ಬರಬೇಕಾಗಿದೆ. ಎಲ್ಲರೂ ಬರುವವರೆಗೆ ಹಡಗು ಹೊರಡುವುದಿಲ್ಲ."

"ಯಾರಪ್ಪಾ ಆ ಬೇಜವಾಬ್ದಾರಿ ಜನ!" ಎಂದರು ಮಾಸ್ಟರ್, ದಾರ ಕಚ್ಚಿಕೊಂಡೇ. ಅಧಿಕಾರಿಗೆ ತುಸು ಒಳ್ಳೆಯವರಾಗಿ ಕಾಣುವ ಆಸೆ.

ಅಧಿಕಾರಿಗೆ ಕನಿಕರ ಬಂತೋ, ಆ ಹಲ್ಲಿನ ಸದ್ದು ಕೇಳಲಾಗಲಿಲ್ಲವೋ, ತಮ್ಮ ಕೀಗೊಂಚಲಿನಿಂದ ಒಂದು ನೇಲ್ ಕಟರ್ ಬಿಚ್ಚಿಕೊಟ್ಟರು. ಮಾಸ್ಟರ್ ಅದರಲ್ಲೇ ಒಂದೊಂದೇ ಗಂಟು ಕತ್ತರಿಸತೊಡಗಿದರು. ಹತ್ತು ಗಂಟು, ಇಪ್ಪತ್ತು ಗಂಟು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

"ಸೇಫ್ಟಿ ಡ್ರಿಲ್‌ಗೆ ಇನ್ನು ಮೂವರು ಮಾತ್ರ ಬಾಕಿ."

ಮೂವತ್ತು ಗಂಟು. ಬೆವರು ಹನಿಯಿಟ್ಟು ಕಣ್ಣು ಮಂಜಾಯಿತು. ಐದು ಗಂಟೆ ಹೊಡೆಯಿತು. ಮಾಸ್ಟರ್ ಹೌಹಾರಿ ನೋಡಿದರೆ ಹಡಗು ಅಲುಗಿರಲಿಲ್ಲ. ಸದ್ಯ, ಆ ಬೇಜವಾಬ್ದಾರಿ ಜನ ಚೆನ್ನಾಗಿರಲಿ! ಐದೂ ಹತ್ತಕ್ಕೆ ಲೈನಿಂಗು ಪರ್ರೆಂದು ಬಾಯಿಬಿಟ್ಟು, ಇಸ್ತ್ರಿಪೆಟ್ಟಿಗೆ ಮೇಜಿನ ಮೇಲೆ ಧೊಪ್ಪನೆ ಬಿತ್ತು. ಅಧಿಕಾರಿ ಅದನ್ನು ಅಲ್ಲಾಡಿಸಿ, ಮೂಸಿ ನೋಡಿ, ಹದಿನಾಲ್ಕನೆಯದಾಗಿ ಸಾಲಿಗೆ ಸೇರಿಸಿದರು. ಆಗಲೇ ಧ್ವನಿವರ್ಧಕ ಮತ್ತೆ ಬಾಯಿ ತೆರೆಯಿತು. ಈ ಸಲ ಅದರ ದನಿಯಲ್ಲಿ ತಾಳ್ಮೆ ಇರಲಿಲ್ಲ.

"ಇನ್ನು ಒಬ್ಬರೇ ಒಬ್ಬರು ಬಾಕಿ. ನಾಲ್ಕು ಸಾವಿರದ ನೂರಾ ಇಪ್ಪತ್ತೇಳನೇ ರೂಮಿನ ಯಜಮಾನರು ಎಲ್ಲಿದ್ದರೂ ಕೂಡಲೇ ಬರಬೇಕು. ಮೂರು ಸಾವಿರ ಜನ ತಮಗಾಗಿ ಕಾಯುತ್ತಿದ್ದಾರೆ!"

ಅಧಿಕಾರಿ ಕೈಲಿದ್ದ ಚೀಟಿ ನೋಡಿದರು. ಮಾಸ್ಟರರನ್ನು ನೋಡಿದರು.

"ಅದೂ ನೀವೇನಾ?!"

ಮಾಸ್ಟರ್ ಬಾಯಿ ತೆರೆದರೆ ಒಂದು ತುಂಡು ದಾರ ಮಾತ್ರ ಹೊರಬಂತು. ಅಧಿಕಾರಿ ಅವರ ತೋಳು ಹಿಡಿದು, ಎರಡು ಹಜಾರ, ಮೂರು ಮೆಟ್ಟಿಲಸಾಲು ದಾಟಿಸಿ ಡ್ರಿಲ್ಲಿನ ಜಾಗಕ್ಕೆ ಎಳೆದೊಯ್ದರು. ಅಲ್ಲಿನ ಸಿಬ್ಬಂದಿ ಮಾಸ್ಟರರನ್ನು ಕಂಡು ಚಪ್ಪಾಳೆ ತಟ್ಟಿದರು. ಕೆಂಪು-ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ, ಸೀಟಿ ಊದಿಸಿ, ಹಾಜರಿ ಯಂತ್ರಕ್ಕೆ ಅವರ ರೂಮಿನ ಕಾರ್ಡು ಒತ್ತಿಸಿದರು. ಯಂತ್ರ ಕುಂಯ್ ಎಂದಿತು. ಅದರ ಬೆನ್ನಿಗೇ ಹಡಗು ಇಡೀ ಬಂದರು ನಡುಗುವಂತೆ ಒಮ್ಮೆ ಕೂಗಿತು!

ಇನ್ನೂ ಹೊತ್ತು ಮೀರಿಲ್ಲ! ಕೊಟ್ಟ ಮಾತು ಉಳಿಯಿತು! ಮಾಸ್ಟರ್ ಲಿಫ್ಟಿಗೂ ಕಾಯದೆ ಮೆಟ್ಟಿಲು ಹಾರುತ್ತ ಏಳನೇ ಮಹಡಿಗೆ ಓಡಿದರು. ಸಂತೋಷದಲ್ಲಿ ಅವರಿಗೊಂದು ಸಂಗತಿ ಮರೆತೇ ಹೋಗಿತ್ತು. ಮೈಮೇಲಿನ ಲೈಫ್ ಜಾಕೆಟ್ಟನ್ನು ಬಿಚ್ಚಿಯೇ ಇರಲಿಲ್ಲ.

ಮೇಲೆ ಸಾವಿರ ಜನ ಕಂಬಿಗೆ ಒತ್ತಿಕೊಂಡು ನಿಂತಿದ್ದರು. ಅಷ್ಟೂ ಜನರಲ್ಲಿ ಲೈಫ್ ಜಾಕೆಟ್ ತೊಟ್ಟವರು ಒಬ್ಬರೇ. ಒಬ್ಬ ತಿರುಗಿ ನೋಡಿದ. ಹತ್ತು ಜನ ನೋಡಿದರು. "ಇವ್ರೇ! ನಾಲ್ಕು ಸಾವಿರದ ನೂರಾ ಇಪ್ಪತ್ತೇಳು!" ಎಂದು ಯಾರೋ ಕೂಗಿದರು. ನಗು, ಸಿಳ್ಳೆ, ಚಪ್ಪಾಳೆ ಎಲ್ಲ ಒಟ್ಟಿಗೆ ಎದ್ದವು. ಮಾಸ್ಟರ್ ತಲೆ ತಗ್ಗಿಸಿ ಜನರ ನಡುವೆ ತೂರಿಕೊಂಡು ಹೆಂಡತಿಯನ್ನು ಹುಡುಕಿದರು.

ಅಗೋ, ಕಂಬಿಯ ತುದಿಯಲ್ಲಿ! ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗವನ್ನು ಕೈಚೀಲವಿಟ್ಟು ಕಾಯ್ದುಕೊಂಡಿದ್ದರು. ಆಚೆಗಿದ್ದ ದೊಡ್ಡ ಟೋಪಿಯ ಹೆಂಗಸು ಅವರೊಡನೆ ಬಿರುಸಾಗಿ ಮಾತಾಡುತ್ತಿದ್ದಳು.

"ಒಬ್ಬ ಮನುಷ್ಯನಿಂದ ಮೂರು ಸಾವಿರ ಜನಕ್ಕೆ ಕಾಟ! ಇಂಥೋರನ್ನೆಲ್ಲ ಯಾಕಾದ್ರೂ ಹತ್ತಿಸ್ಕೋತಾರೋ!"

"ಹೂಂ ಕಣ್ರೀ," ಎನ್ನುತ್ತಿದ್ದರು ಹೆಂಡತಿ. "ಹೆಂಡ್ತಿ ಮಾತು ಕೇಳೋ ಗಂಡಸೇ ಅಲ್ಲ ಅನ್ಸುತ್ತೆ. ಪಾಪ, ಆ ಹೆಣ್ಮಗಳು ಯಾರೋ ಏನೋ!"

"ಏ ಇವಳೇ..." ಎಂದರು ಮಾಸ್ಟರ್, ಏದುಸಿರಿನಲ್ಲಿ.

ಹೆಂಡತಿ ತಿರುಗಿದರು. ಮುಖ ನೋಡಿದರು. ಜಾಕೆಟ್ಟು ನೋಡಿದರು. ಸುತ್ತ ಕತ್ತು ಚಾಚಿ ನಿಂತಿದ್ದ ಅಷ್ಟೂ ಜನರನ್ನು ನೋಡಿದರು.

"ಯಾರು ಬೇಕಿತ್ತು ನಿಮಗೆ?"

ಮಾಸ್ಟರ್ ದಂಗಾದರು. ಮೂವತ್ತು ವರ್ಷದ ಸಂಸಾರ! ಟೋಪಿಯ ಹೆಂಗಸು ಕಣ್ಣರಳಿಸಿ, "ನಿಮಗೆ ಗೊತ್ತಾ ಇವರು?" ಎಂದಳು.

"ಅಯ್ಯೋ, ನನಗೆ ಹೇಗ್ರೀ ಗೊತ್ತಿರುತ್ತೆ? ನಮ್ಮ ಯಜಮಾನ್ರು ತುಂಬಾ ಸಾಧು ಮನುಷ್ಯ. ಯಾರ ತಂಟೆಗೂ ಹೋಗೋರಲ್ಲ. ಈ ಜಾಗ ಅವರಿಗೇ ಇಟ್ಟಿದೀನಿ."

ಹಡಗು ಮೆಲ್ಲಗೆ ಜರುಗಿತು. ದಡಕ್ಕೂ ಹಡಗಿಗೂ ನಡುವೆ ಮೊದಲು ಒಂದು ಗೇಣು ನೀರು ಕಂಡಿತು, ಆಮೇಲೆ ಒಂದು ಮಾರು. ಹೆಂಡತಿಯ ಕಣ್ಣು ಆ ನೀರಿನ ಮೇಲಿತ್ತು. ಮಾಸ್ಟರಿಗೆ ಗಂಡನೆಂಬ ಪದವಿ ಹೋದರೆ ಹೋಗಲಿ, ಈ ಗಳಿಗೆ ಹೋಗಬಾರದು ಎನಿಸಿತು. ಅವರು ಕೈಮುಗಿಯುವುದೊಂದೇ ಬಾಕಿ.

"ಅಮ್ಮಾ," ಎಂದರು ಮೆಲ್ಲಗೆ, "ನಿಮ್ಮ ಯಜಮಾನ್ರು ಬರೋವರೆಗೆ ನಾನಿಲ್ಲಿ ನಿಂತ್ಕೋಬಹುದಾ?"

ಹೆಂಡತಿ ದಡದಿಂದ ಕಣ್ಣು ತೆಗೆಯಲಿಲ್ಲ. ಕೈಚೀಲವನ್ನು ಮಾತ್ರ ಆಚೆಗೆ ಸರಿಸಿದರು.

"ಬಾಯಿ ಮುಚ್ಕೊಂಡು ನಿಲ್ಲೋದಾದ್ರೆ ನಿಂತ್ಕೊಳ್ಳಿ."

ಮಾಸ್ಟರ್ ಬಾಯಿ ಮುಚ್ಚಿಕೊಂಡು ನಿಂತರು.