ಸಾರಿಗೆ ಮಂತ್ರಿಯ ಗಂಡ ಬಸ್ಸಿಗೆ ಕಾದ ದಿನ

ಸ್ಕೂಟರಿನ ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಅದು ಬರೀ ಚಕ್ರದ ತಾಪತ್ರಯ. ಸಾರಿಗೆ ಮಂತ್ರಿಯ ಮನೆಯಲ್ಲಿ ಅದು ಸಂಜೆಯೊಳಗೆ ಒಂದು ಕುರ್ಚಿಯನ್ನೇ ಉರುಳಿಸಿತು.

ಸ್ಕೂಟರು ಮಂತ್ರಿಯ ಗಂಡನದು. ಪಾಪ, ಅವನು ಗಡಿಯಾರ ರಿಪೇರಿಯವನು. ಹೆಂಡತಿ ಮಂತ್ರಿಯಾಗಿ ಎಂಟು ತಿಂಗಳು. ಅಷ್ಟರಲ್ಲಿ ಅವನ ಅಂಗಡಿಗೆ ನಿಂತ ಗಡಿಯಾರ ತಂದವರು ಇಬ್ಬರು, ಅರ್ಜಿ ತಂದವರು ಊರಿಗೆ ಊರೇ. ಮೇಡಂರ ಆಪ್ತ ಕಾರ್ಯದರ್ಶಿ ಮೊದಲ ದಿನವೇ ಪಾಠ ಮಾಡಿದ್ದ: ಯಾರು ಏನೇ ಕೇಳಲಿ, ಕೈ ಮುಗಿಯಬೇಕು, ನಗಬೇಕು, ‘ಮೇಡಂ ಗಮನಕ್ಕೆ ತರ್ತೀನಿ’ ಅನ್ನಬೇಕು. ಸರ್ಕಾರಿ ಕಾರಿನ ಹತ್ತಿರ ಸುಳಿಯಬಾರದು.

ಗಮನಕ್ಕೆ ತರಲು ಮೇಡಂ ಸಿಗಬೇಕಲ್ಲ! ಅವಳು ಬರುವ ಹೊತ್ತಿಗೆ ಇವನಿಗೆ ನಿದ್ದೆ, ಇವನು ಏಳುವ ಹೊತ್ತಿಗೆ ಅವಳ ಕಾರು ಗೇಟು ದಾಟಿರುತ್ತಿತ್ತು. ಇಬ್ಬರೂ ಎದುರುಬದುರು ಕೂತು ಒಂದು ತುತ್ತು ಉಂಡು ಎಂಟು ತಿಂಗಳಾಗಿತ್ತು. ಮನೆ ಬಿಕೋ ಅನ್ನುತ್ತಿತ್ತು. ಒಬ್ಬನೇ ಉಣ್ಣುವುದಕ್ಕೆ ಬೇಜಾರಾಗಿ ಅವನು ಎಷ್ಟೋ ದಿನ ಬರೀ ಬಾಳೆಹಣ್ಣು ತಿಂದು ಮಲಗಿದ್ದ.

ಇವತ್ತು ಮಾತ್ರ ಅವಳೇ ಅವನನ್ನು ಎಬ್ಬಿಸಿ ಹೇಳಿದ್ದಳು. “ರೀ, ಒಂದೂವರೆಗೆ ಆಫೀಸಿಗೆ ಬನ್ನಿ. ಇಪ್ಪತ್ತು ನಿಮಿಷ ಬಿಡುವಿದೆ. ಜೊತೇಲಿ ಊಟ ಮಾಡೋಣ.”

ಅವನು ಅನ್ನ ಮಾಡಿದ, ಆಲೂಗಡ್ಡೆ ಪಲ್ಯ ಮಾಡಿದ, ಕ್ಯಾರಿಯರಿಗೆ ತುಂಬಿದ. ಆಮೇಲೆ ಚಕ್ರ ನೋಡಿದ. ಹಾಳಾಗಿ ಹೋಗಲಿ ಎಂದು ಬಸ್ ಸ್ಟಾಪಿಗೆ ಓಡಿದ.

ಹನ್ನೆರಡು ಹದಿನೇಳರ ಬಸ್ಸು ಹನ್ನೆರಡೂ ಮುಕ್ಕಾಲಾದರೂ ಬರಲಿಲ್ಲ. ಒಂದು ಗಂಟೆಯ ಬಸ್ಸೂ ಬರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಮೂರನೆಯ ಸಲ ಟೈಮು ಕೇಳಿದಳು.

“ಒಂದು ಗಂಟೆ ಇಪ್ಪತ್ತೊಂದು ನಿಮಿಷ, ಅಜ್ಜಿ.”

“ಡಾಕ್ಟರು ಎರಡಕ್ಕೆ ಎದ್ದು ಹೋಗ್ತಾರಪ್ಪ. ಆ ಮಂತ್ರಿ ಮನೆ ಹಾಳಾಗ!”

ಹಾಳಾಗಬೇಕಿದ್ದ ಮನೆಯ ಯಜಮಾನ ಕೈ ಮುಗಿದು ನಕ್ಕ. ಆ ನಗುವಿನಿಂದಲೇ ದರ್ಜಿಯೊಬ್ಬ ಅವನ ಗುರುತು ಹಿಡಿದುಬಿಟ್ಟ. “ಅಯ್ಯೋ! ನೀವು ಮಂತ್ರಿಯಮ್ಮನ ಯಜಮಾನ್ರಲ್ವಾ? ಟಿವೀಲಿ ಹಿಂದೆ ನಿಂತಿರ್ತೀರಲ್ಲ!”

ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಮುತ್ತಿದರು.

“ಮೇಡಂ ಗಮನಕ್ಕೆ ತರ್ತೀನಿ,” ಅಂದ ಅವನು.

“ಈಗಲೇ ತನ್ನಿ. ಫೋನ್ ಇದೆಯಲ್ಲ? ಮಾಡಿ ಸ್ವಾಮಿ!” ದರ್ಜಿ ಬಿಡಲಿಲ್ಲ. ಅವನ ಫೋನಿನ ಸ್ಪೀಕರನ್ನು ತಾನೇ ಒತ್ತಿದ, ತನ್ನ ಫೋನಿನಲ್ಲಿ ವಿಡಿಯೋ ಶುರು ಮಾಡಿದ.

ಎತ್ತಿದವನು ಕಾರ್ಯದರ್ಶಿ. “ಮೇಡಂ ಮೀಟಿಂಗಲ್ಲಿದ್ದಾರೆ ಸಾರ್. ಬಸ್ಸುಗಳನ್ನ ಹೊತ್ತಿಗೆ ಸರಿಯಾಗಿ ಓಡಿಸೋದು ಹೇಗೆ ಅಂತ ಚರ್ಚೆ ನಡೀತಿದೆ.”

ಸ್ಟಾಪಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

“ಊಟಕ್ಕೆ ಬರ್ತಿದೀನಿ ಅಂತ ಹೇಳಪ್ಪ. ಸ್ವಲ್ಪ ತಡ ಆಗುತ್ತೆ.”

“ಅಯ್ಯೋ, ಒಂದೂವರೆ ಆಗ್ತಾ ಬಂತು, ನೀವು ಬರೋ ಸುಳಿವೇ ಕಾಣ್ಲಿಲ್ಲ ಸಾರ್. ನಿಮ್ಮ ಇಪ್ಪತ್ತು ನಿಮಿಷನ ಟೈರ್ ಕಂಪನಿಯವರಿಗೆ ಕೊಟ್ಟುಬಿಟ್ಟೆ.”

ಅವನ ಹೊಟ್ಟೆಯಲ್ಲಿ ಹಸಿವು, ಎದೆಯಲ್ಲಿ ಎಂಟು ತಿಂಗಳು. ಎರಡೂ ಒಟ್ಟಿಗೆ ಹೊರಗೆ ಬಂದವು.

“ಬಸ್ ಓಡ್ಸೋಕೂ ಆಗಲ್ಲ, ಮನೆ ನೋಡೋಕೂ ಆಗಲ್ಲ ಅಂದ್ರೆ ಯಾಕೆ ಬೇಕು ಆ ಮಂತ್ರಿಗಿರಿ? ರಾಜೀನಾಮೆ ಬಿಸಾಕಿ ಮನೆಗೆ ಬರೋಕೆ ಹೇಳು!”

ಅಜ್ಜಿ ಅವನ ಬೆನ್ನು ತಟ್ಟಿದಳು. ಜನ ಸಿಳ್ಳೆ ಹಾಕಿದರು. ಅದೇ ಹೊತ್ತಿಗೆ ಬಂದ ಬಸ್ಸು ಬಾಗಿಲ ತನಕ ತುಂಬಿದ್ದರಿಂದ ನಿಲ್ಲದೆ ಹೋಯಿತು.

ಅವನು ಬಿಸಿಲಲ್ಲಿ ಕಾಲೆಳೆದುಕೊಂಡು ಮನೆಗೆ ಬಂದ. ಮೂರಕ್ಕೆ ವಿಡಿಯೋ ಟಿವಿಯಲ್ಲಿತ್ತು. ನಾಲ್ಕಕ್ಕೆ ವಿರೋಧ ಪಕ್ಷದವರು ‘ಗಂಡನೇ ಕೇಳ್ತಿದ್ದಾನೆ’ ಎಂದು ಬೀದಿಗಿಳಿದರು. ಐದಕ್ಕೆ ಅವಳು ರಾಜೀನಾಮೆ ಕೊಟ್ಟಳು.

ಎಂಥ ಕೆಲಸ ಮಾಡಿಬಿಟ್ಟೆ ಎಂದು ಅವನಿಗೆ ಅಳು ಬಂತು. ಕಣ್ಣೊರೆಸಿಕೊಂಡು ಪಲ್ಯ ಬಿಸಿ ಮಾಡಿದ, ಎರಡು ತಟ್ಟೆ ತೊಳೆದಿಟ್ಟ. ಬೈದರೆ ಬೈಯಲಿ, ಎದುರಿಗೆ ಕೂತು ಬೈಯುತ್ತಾಳಲ್ಲ ಎಂದುಕೊಂಡಾಗ ನಾಚಿಕೆಗೆಟ್ಟ ಖುಷಿಯೂ ಆಯಿತು.

ಆರಕ್ಕೆ ಅವಳು ಬಂದಳು. ಹಿಂದೆಯೇ ಪಕ್ಷದ ಅಧ್ಯಕ್ಷರು, ಅವರ ಹಿಂದೆ ಅದೇ ಕಾರ್ಯದರ್ಶಿ. ಅಧ್ಯಕ್ಷರು ಬಂದವರೇ ಅವನನ್ನು ತಬ್ಬಿಕೊಂಡರು.

“ಬಸ್ಸಿಗೆ ಕಾದ ಮಂತ್ರಿ ಇಡೀ ದೇಶದಲ್ಲಿ ಇಲ್ಲ ಕಣ್ರೀ! ಜನ ನಿಮ್ಮನ್ನೇ ಕೇಳ್ತಿದ್ದಾರೆ. ಏಳಕ್ಕೆ ಪ್ರಮಾಣವಚನ. ಚುನಾವಣೆ ಆಮೇಲೆ ನೋಡ್ಕೊಳ್ಳೋಣ, ಹೊರಡಿ.”

ಅವನು ಅಧ್ಯಕ್ಷರ ತೋಳಿನಿಂದ ಬಿಡಿಸಿಕೊಂಡ. ಹೆಂಡತಿಯ ಕಡೆ ತಿರುಗಿದ. “ನೀನಾದ್ರೂ ಹೇಳೇ, ಇದೆಲ್ಲ ನನ್ನ ಕೈಲಾಗಲ್ಲ ಅಂತ!”

ಅವಳು ಕೈ ತೊಳೆದು ಬಂದು ಒಂದು ತಟ್ಟೆಯ ಮುಂದೆ ಕೂತಳು.

“ನಿಮ್ಮ ಹೆಸರು ಕೊಟ್ಟಿದ್ದೇ ನಾನು,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಎಂಟು ತಿಂಗಳು ಊರವರ ಹತ್ರ ಬೈಸ್ಕೊಂಡೆ. ಬೈಯೋರಲ್ಲಿ ನೀವೊಬ್ರು ಇಲ್ಲ ಅನ್ನೋದೇ ನನಗಿದ್ದ ಸಮಾಧಾನ. ಹೋಗ್ರಿ, ಇನ್ಮೇಲೆ ನೀವು ಓಡಿಸಿ.”

ಕಾರ್ಯದರ್ಶಿ ವಿನಯದಿಂದ ಅವನ ಮೊಣಕೈ ಹಿಡಿದು ಕಾರಿನ ಕಡೆ ನಡೆಸಿಕೊಂಡು ಹೋದ. ಗೇಟಿನ ಹತ್ತಿರ ಅವನು ಒಮ್ಮೆ ತಿರುಗಿ ನೋಡಿದ. ಅವಳು ಅನ್ನ ಬಡಿಸಿಕೊಂಡು, ಕಣ್ಣೊರೆಸಿಕೊಂಡು, ಒಬ್ಬಳೇ ಉಣ್ಣತೊಡಗಿದ್ದಳು.