ಓಣಿಯವರೆಲ್ಲ ಹಿಡಿದ ನಾಡಿ

ಕಾಶೀನಾಥನಿಗೆ ಆ ಗಡಿಯಾರ ಕೊಟ್ಟವಳು ಕಲಬುರಗಿಯಲ್ಲಿ ಓದುವ ಮಗಳು ಶಿವಗಂಗಾ. ಅಪ್ಪನ ಕೈಗೆ ಕಟ್ಟಿ ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅದನ್ನು ಅಮ್ಮನ ಫೋನಿಗೂ ಜೋಡಿಸಿ ಹೋದಳು. ಕಾಶೀನಾಥ ಎಲ್ಲಿದ್ದಾನೆ, ಅವನ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದು ಅಂದಿನಿಂದ ಅವನಿಗಿಂತ ಮೊದಲು ಹೆಂಡತಿ ಉಮಾದೇವಿಗೆ ಗೊತ್ತಾಗತೊಡಗಿತು. ಗಡಿಯಾರದೊಳಗೇ ಸಿಮ್ ಇದ್ದುದರಿಂದ ಅದಕ್ಕೆ ಕರೆಯೂ ಬರುತ್ತಿತ್ತು.

ಸೇಡಂನ ಬೇಳೆ ಮಿಲ್ಲಿನಲ್ಲಿ ಗುಮಾಸ್ತಿಕೆ ಮಾಡುತ್ತ ಕೂತು ಕೂತು ಅವನ ಹೊಟ್ಟೆ ಬಾಯಿ ಹೊಲಿದ ತೊಗರಿ ಚೀಲದಂತಾಗಿತ್ತು. ಡಾಕ್ಟರು ಎಣ್ಣೆ ಬಿಡಿ ಎಂದದ್ದೇ ತಡ, ಉಮಾದೇವಿ ಬಾಣಲೆಯನ್ನು ಅಟ್ಟಕ್ಕೇರಿಸಿದಳು. ಮಿರ್ಚಿ ಭಜಿ ಕನಸಿನಲ್ಲಿ ಬರತೊಡಗಿದಾಗ ಗಂಡಹೆಂಡಿರ ನಡುವೆ ಒಪ್ಪಂದವಾಯಿತು. ಭಾನುವಾರ ಊರಲ್ಲಿ ನಡೆಯುವ ಐದು ಕಿಲೋಮೀಟರಿನ ಓಟವನ್ನು ಅವನು ಪೂರ್ತಿ ಮುಗಿಸಿದರೆ ವಾರಕ್ಕೊಮ್ಮೆ ಭಜಿ.

"ಮುಗಸ್ಲಿಲ್ಲಂದ್ರ ಭಜಿ ಮಾತು ಈ ಮನ್ಯಾಗ ಎತ್ತಬಾರ್ದು ನೋಡ್ರಿ" ಎಂದಿದ್ದಳು ಉಮಾದೇವಿ.

ಓಟ ಶುರುವಾದಾಗ ಅವನ ಮನೆಯ ಕಟ್ಟೆಯ ಮೇಲೆ ಅರ್ಧ ಓಣಿ ಕೂತಿತ್ತು. ತಾಮ್ರದ ಕೊಡಕ್ಕೆ ಒರಗಿಸಿಟ್ಟ ಫೋನಿನ ಸುತ್ತ ಪಕ್ಕದ ಮನೆಯ ಸೂಗಮ್ಮಜ್ಜಿ, ಎದುರು ಮನೆಯ ಭೀಮಮ್ಮ, ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಮಾಣಿಕಪ್ಪ. ನಕಾಶೆಯ ಮೇಲೆ ಕಾಶೀನಾಥ ಎಂಬ ನೀಲಿ ಚುಕ್ಕಿ ತೆವಳುತ್ತಿತ್ತು.

"ನೂರಾ ಅರವತ್ತಂತ. ಹಿಂಗ ಬಡದ್ರ ಎದಿ ಉಳಿತದೇನ?" ಎಂದಳು ಸೂಗಮ್ಮಜ್ಜಿ.

"ಲೋಡ್ ಗಾಡಿಗೆ ಇಷ್ಟು ಸ್ಪೀಡ್ ಕೊಡಬಾರ್ದು. ನಿಲ್ಲಸ್ರಿ ಅವನ್ನ" ಎಂದರು ಮಾಣಿಕಪ್ಪ.

ಕಾಶೀನಾಥನ ಮಣಿಕಟ್ಟಿನ ಮೇಲೆ ಗಡಿಯಾರ ಬಡಿದುಕೊಂಡಿತು. ಉಮಾದೇವಿಯ ಕರೆ. "ಏನ್ರಿ, ನಿಂದರ್ರಿ. ನಾಡಿ ಏರ್ಲಿಕತ್ತದ."

"ಓಡ್ಲಿಕತ್ತೀನಲ್ಲ, ಏರದ ಏನ್ ಮಾಡ್ತದ?"

ಆದರೂ ನಿಂತ. ನಿಂತ ಕೂಡಲೇ ಮಾಣಿಕಪ್ಪನವರ ಕರೆ. "ಯಾಕ ನಿಂತೀದಿ? ಲೈನ್ ಕ್ಲಿಯರ್ ಅದ, ಹೊಂಡು." ಹತ್ತು ಹೆಜ್ಜೆ ಓಡುವಷ್ಟರಲ್ಲಿ ಸೂಗಮ್ಮಜ್ಜಿ. "ಕಾಶೀ, ಬಾಯಾಗ ಒಂದು ಶುಂಠಿ ಚೂರು ಇಟ್ಕೋ ಅಪ್ಪಾ." ಅಷ್ಟು ಹೊತ್ತಿಗೆ ಸೀರೆಯುಟ್ಟು ಓಡುತ್ತಿದ್ದ ನಿವೃತ್ತ ಟೀಚರೊಬ್ಬರು ಅವನನ್ನು ದಾಟಿ, ಮರುಕದಿಂದ ಹಿಂತಿರುಗಿ ನೋಡಿ ಹೋದರು.

ಚೌಕದಲ್ಲಿ ಜಟ್ಟೆಪ್ಪ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ. ಭೀಮಮ್ಮನ ಗಂಡ, ಕಾಶೀನಾಥನ ಹಳೆಯ ಗೆಳೆಯ.

"ಜಟ್ಟೆಪ್ಪಾ, ಈ ಗಡಿಯಾರ ಒಂದಿಷ್ಟು ಕಟ್ಕೋ ಮಾರಾಯ. ಓಡಾಕ ಬಿಡವಲ್ದು."

"ಬಿಚ್ಚಿ ಕಿಸೇದಾಗ ಹಾಕ್ಕೊಂಡ್ರ ಆತಲ್ಲ."

"ಹಾಕ್ಕೊಂಡ್ರ ನಾಡಿ ಸೊನ್ನಿ ತೋರಸ್ತದ. ಮನ್ಯಾಗ ಅಳು ಶುರು ಆಗ್ತದ. ಅದಕ್ಕ ಜೀವಂತ ಕೈ ಬೇಕು. ಮೆಲ್ಲಕ ಗಾಡಿ ಹೊಡಕೋತ ಬಾ, ಮುಗಿಯೋ ಜಾಗದಾಗ ಕೊಡು. ಬಡಕೊಂಡ್ರ ಮಾತ್ರ ಎತ್ತಬ್ಯಾಡ."

ಆಮೇಲೆ ಕಾಶೀನಾಥ ಓಡಿದ. ಹಗ್ಗ ಬಿಚ್ಚಿದ ಕರುವಿನಂತೆ ಓಡಿದ, ಸ್ವಲ್ಪ ಹೊತ್ತಿಗೆ ಮುದಿ ಎತ್ತಿನಂತೆ ಓಡಿದ, ಆದರೆ ನಿಲ್ಲಲಿಲ್ಲ. ಅವನು ಗೆರೆ ದಾಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಪದಕಗಳು ಮುಗಿದಿದ್ದವು. ಯಾರೋ ಒಂದು ಬಾಳೆಹಣ್ಣು ಕೊಟ್ಟರು. ಅವನಿಗೆ ಅದೇ ಬಂಗಾರವಾಗಿ ಕಂಡಿತು. ತುಸು ತಡವಾಗಿ ಬಂದ ಜಟ್ಟೆಪ್ಪ ಕರ್ಚೀಫಿನಿಂದ ಬಾಯಿ ಒರೆಸಿಕೊಳ್ಳುತ್ತ ಗಡಿಯಾರ ಬಿಚ್ಚಿಕೊಟ್ಟು, ಗೆಳೆಯನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಓಣಿಯ ತುದಿಗೆ ಇಳಿಸಿದ.

ಕಟ್ಟೆಯ ಮೇಲೆ ಎಲ್ಲರೂ ಹಾಗೇ ಕೂತಿದ್ದರು.

"ಹ್ಯಾಂಗಿತ್ತು?" ಎಂದಳು ಉಮಾದೇವಿ.

"ಪೂರ್ತಿ ಓಡಿ ಮುಗಿಸ್ದೆ."

"ನಾ ಓಟ ಕೇಳ್ಲಿಲ್ಲ. ಭಜಿ ಹ್ಯಾಂಗಿತ್ತು?"

ಫೋನು ತೋರಿಸಿದಳು. ನೀಲಿ ಚುಕ್ಕಿ ಚೌಕದಿಂದ ನೇರವಾಗಿ ಬಸ್ ಸ್ಟ್ಯಾಂಡಿನ ಭಜಿ ಗಾಡಿಗೆ ಹೋಗಿ, ಬಹಳ ಹೊತ್ತು ಅಲ್ಲಿಯೇ ಬೇರು ಬಿಟ್ಟಿತ್ತು.

"ಯಾರ್ಡಿನಾಗ ಗೂಡ್ಸ್ ಗಾಡಿ ನಿಂತಂಗ ನಿಂತಿತ್ತು. ನಾಡಿ ಎಪ್ಪತ್ತೆರಡು" ಎಂದರು ಮಾಣಿಕಪ್ಪ.

"ಎಷ್ಟು ಸಮಾಧಾನದ ನಾಡಿ ತಾಯಿ. ಪೂಜಾಕ್ಕ ಕುಂತವರಿಗೂ ಇರಂಗಿಲ್ಲ" ಎಂದಳು ಸೂಗಮ್ಮಜ್ಜಿ.

ಉಮಾದೇವಿ ಗಂಡನ ಕೈ ಹಿಡಿದು ಗಡಿಯಾರದ ಪಟ್ಟಿಯನ್ನು ಮೂಸಿದಳು. ಇನ್ನು ಹೇಳುವುದೇನೂ ಇಲ್ಲ ಎಂಬಂತೆ ಕೈ ಬಿಟ್ಟಳು.

"ಅದು ನನ್ನ ನಾಡಿ ಅಲ್ಲ, ಜಟ್ಟೆಪ್ಪಂದು. ಬೇಕಾದ್ರ ಅವನ್ನೇ ಕೇಳ್ರಿ" ಎಂದ ಕಾಶೀನಾಥ. ಅಷ್ಟರಲ್ಲಿ ಬೈಕ್ ನಿಲ್ಲಿಸಿ ಜಟ್ಟೆಪ್ಪನೂ ಬಂದ. ಕಾಶೀನಾಥನಿಗೆ ಹೋದ ಜೀವ ಬಂದಂತಾಯಿತು.

ಆದರೆ ಮೊದಲು ಬಾಯಿ ತೆರೆದವಳು ಭೀಮಮ್ಮ. "ಇದೇನ್ರಿ ಇವರು ಅನ್ನೋದು? ನೀವು ಮುಂಜಾನಿ ಕಾಳಗಿಗೆ, ನಮ್ಮಣ್ಣನ ಮನಿಗೆ ಹೋಗಿದ್ರಲ್ಲ?"

ಜಟ್ಟೆಪ್ಪ ಹೆಂಡತಿಯ ಮುಖ ನೋಡಿದ. ಗೆಳೆಯನ ಮುಖ ನೋಡಿದ. ಮತ್ತೆ ಹೆಂಡತಿಯ ಮುಖವನ್ನೇ ನೋಡಿದ.

"ಹೌದಲ್ಲ. ಈಗ ಅಲ್ಲಿಂದೇ ಬರ್ಲಿಕತ್ತೀನಿ. ವೈನಿ, ಕಾಶೀನಾಥಗ ಬಿಸಲು ಹತ್ತಿರಬೇಕು. ಏನೇನೋ ಅಂತಾನ."

ಕಾಶೀನಾಥನ ಮುಂದೆ ಒಂದು ಲೋಟ ಮಜ್ಜಿಗೆ ಬಂತು. "ಹೊಟ್ಟಿ ತುಂಬ ಎಣ್ಣಿ ಅದ. ಇದನ್ನ ಕುಡದು ಮಕ್ಕೋರಿ. ಊಟ ರಾತ್ರಿಗೆ ನೋಡಮು" ಎಂದು ಉಮಾದೇವಿ ಒಳಗೆ ಹೋದಳು. ಎದುರು ಮನೆಯಿಂದ ಬಿಸಿ ರೊಟ್ಟಿಯ ವಾಸನೆ ಬಂತು. ಹಿಂದೆಯೇ ಜಟ್ಟೆಪ್ಪನ ದನಿ ಕೇಳಿಸಿತು.

"ನನಗ ರೊಟ್ಟಿ ಬ್ಯಾಡ. ನಿಮ್ಮಣ್ಣ ಭಾಳ ಉಪಚಾರ ಮಾಡ್ದ. ಹೊಟ್ಟಿ ಬಿರಿಲಿಕತ್ತದ."

ಕಾಶೀನಾಥ ಹಲ್ಲು ಕಚ್ಚಿ ಮಜ್ಜಿಗೆ ಕೆಳಗಿಟ್ಟ. ಒಳಗಿನಿಂದ ಉಮಾದೇವಿ ಫೋನು ಹಿಡಿದುಕೊಂಡೇ ಬಂದಳು.

"ನೋಡ್ರಿ ಮಾಣಿಕಪ್ಪಣ್ಣ, ಸುಮ್ಮ ಕುಂತ್ರೂ ನಾಡಿ ನೂರಾ ನಲ್ವತ್ತಕ್ಕ ಹೋಗ್ಯದ. ಭಜಿ ತಿಂದ್ರ ಹಿಂಗ ಆಗ್ತದಂತ ನಾ ಅಂದಿದ್ನಿಲ್ಲ?"